ಅಟ್ಟದ ಪೆಟ್ಟಿಗೆಯ ಜಾಝ್ ತಟ್ಟೆಗಳು: ಯಾವುದನ್ನು ಮೊದಲು ಉಳಿಸಿಕೊಳ್ಳಬೇಕು?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮ ಹಳೇ ಮನೆ ಇದೆ. ಹಂಚು ತೆಗೆಸಿ ಮಾಡು ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಅಜ್ಜನ ಅಣ್ಣ ಬೊಂಬಾಯಿಯ ಹೋಟೆಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರಂತೆ, ಪೆಟ್ಟಿಗೆ ಅವರದ್ದು. ಒಳಗೆ ಸುಮಾರು ನಲವತ್ತು ಗ್ರಾಮಾಫೋನ್ ತಟ್ಟೆಗಳಿವೆ. ಜಾಸ್ತಿ ಜಾಝ್, ಕೆಲವು ಹಿಂದಿ ಸಿನಿಮಾ ಹಾಡು. ನಾಲ್ಕರ ಮೇಲೆ ಕಂಪನಿಯ ಹೆಸರೇ ಇಲ್ಲ, ಪೆನ್ನಿನಲ್ಲಿ ಏನೋ ಬರೆದಿದೆ. ಅವುಗಳ ಮೇಲೆ ಬಿಳಿ ಪುಡಿ ಕೂತಿದೆ. ಒಂದರ ಕಪ್ಪು ಪದರ ಅಂಚಿನಲ್ಲಿ ಎದ್ದು ಒಳಗೆ ಲೋಹ ಹೊಳೆಯುತ್ತಿದೆ. ಇನ್ನೊಂದು ತಟ್ಟೆ, ಕಂಪನಿಯದ್ದು, ಎರಡು ತುಂಡಾಗಿದೆ. ಸ್ಪಿರಿಟ್ ಹಾಕಿ ಒರೆಸಿದರೆ ಹೊಸದರಂತೆ ಆಗುತ್ತದೆ ಎಂದು ಒಬ್ಬರು ಹೇಳಿದರು. ಕೀಲಿ ಕೊಡುವ ಗ್ರಾಮಾಫೋನ್ ಕೂಡ ಮನೆಯಲ್ಲಿದೆ, ಇನ್ನೂ ತಿರುಗುತ್ತದೆ. ಅದರಲ್ಲಿ ಹಾಕಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾ? ಮಳೆ ಹಿಡಿಯುವ ಮೊದಲು ಏನು ಮಾಡಬೇಕು ಹೇಳಿ.

ಉತ್ತರ:

ಸ್ಪಿರಿಟ್ ಬೇಡವೇ ಬೇಡ. ಸ್ಯಾನಿಟೈಸರ್, ಥಿನ್ನರ್, ಸೀಮೆಎಣ್ಣೆ, ಹೊಳಪು ಬರಲಿ ಎಂದು ಹಚ್ಚುವ ಕೊಬ್ಬರಿ ಎಣ್ಣೆ, ಯಾವುದೂ ಬೇಡ. ಗ್ರಾಮಾಫೋನ್ ಮೇಲೆ ಇಡುವುದೂ ಸದ್ಯಕ್ಕೆ ಬೇಡ. ಇಷ್ಟನ್ನು ಮಾಡದೇ ಇದ್ದರೆ ಅರ್ಧ ಕೆಲಸ ಆದಂತೆ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ನಿಮ್ಮ ಪೆಟ್ಟಿಗೆಯಲ್ಲಿ ಇರುವುದು ಒಂದೇ ಜಾತಿಯ ತಟ್ಟೆಗಳಲ್ಲ. ನೋಡಲು ಎಲ್ಲವೂ ಕಪ್ಪು, ಎಲ್ಲವೂ ದುಂಡಗೆ. ಆದರೆ ಒಂದು ಜಾತಿಯನ್ನು ಜೋಪಾನ ಮಾಡಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಡುತ್ತದೆ. ಇನ್ನೊಂದು ಜಾತಿ ಏನು ಮಾಡಿದರೂ ದಿನದಿನಕ್ಕೆ ಹಾಳಾಗುತ್ತಲೇ ಇರುತ್ತದೆ. ಪೆನ್ನಿನಲ್ಲಿ ಬರೆದ ಆ ನಾಲ್ಕು ತಟ್ಟೆಗಳು ಈ ಎರಡನೇ ಜಾತಿಯವು. ನಿಮ್ಮ ಸಮಯ, ದುಡ್ಡು, ಓಡಾಟ ಎಲ್ಲವೂ ಮೊದಲು ಅವಕ್ಕೆ ಹೋಗಬೇಕು. ಮಿಕ್ಕವು ಕಾಯುತ್ತವೆ.

ಕಂಪನಿ ಲೇಬಲ್ ಇರುವವು ಅರಗಿನ ತಟ್ಟೆಗಳು. ಮರದ ಕೊಂಬೆಗಳ ಮೇಲೆ ಹುಳು ಕಟ್ಟುತ್ತದಲ್ಲ, ಅದೇ ಅರಗು. ಆ ಕಾಲದಲ್ಲಿ ಜಗತ್ತಿಗೆ ಬೇಕಾದ ಅರಗಿನ ದೊಡ್ಡ ಪಾಲು ನಮ್ಮ ದೇಶದಿಂದಲೇ ಹೋಗುತ್ತಿತ್ತು. ಆದರೆ ತಟ್ಟೆಯಲ್ಲಿ ಅರಗಿಗಿಂತ ಜಾಸ್ತಿ ಇರುವುದು ಕಲ್ಲಿನ ಪುಡಿ. ಸ್ಲೇಟು, ಸುಣ್ಣಕಲ್ಲು ಇಂಥವನ್ನು ನುಣ್ಣಗೆ ಅರೆದು, ಮಸಿ ಮತ್ತು ಹತ್ತಿಯ ನಾರು ಸೇರಿಸಿ, ಅರಗನ್ನು ಅಂಟಾಗಿ ಬಳಸಿ ಒತ್ತುತ್ತಿದ್ದರು. ಕಲ್ಲಿನ ಪುಡಿ ಹಾಕಿದ್ದರಿಂದ ಉಕ್ಕಿನ ಪಿನ್ನು ತಿರುಗುತ್ತಾ ಸವೆದು, ತಟ್ಟೆಯಲ್ಲಿ ಧ್ವನಿ ಅಡಗಿರುವ ಗೆರೆಯ ಆಕಾರಕ್ಕೆ ಬರುತ್ತಿತ್ತು. ಅದಕ್ಕೇ ಪ್ರತಿ ಬದಿಗೂ ಹೊಸ ಪಿನ್ನು ಹಾಕಬೇಕು ಎಂದು ಹಳಬರು ಹೇಳುತ್ತಿದ್ದುದು. ಹಿಂದೆ ಕೇಳುವ ಆ ಚರಚರ ಸದ್ದಿಗೂ ಈ ಪುಡಿಯೇ ಮುಖ್ಯ ಕಾರಣ.

ಇನ್ನು ಸ್ಪಿರಿಟ್ ಯಾಕೆ ಬೇಡ? ಬಡಗಿಗಳು ಮರಕ್ಕೆ ಹೊಡೆಯುವ ಫ್ರೆಂಚ್ ಪಾಲಿಶ್ ಹೇಗೆ ಮಾಡುತ್ತಾರೆ ನೋಡಿ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುತ್ತಾರೆ. ನೀವು ತಟ್ಟೆಯನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಆಗುವುದೂ ಅದೇ. ಮೊದಲಿಗೆ ಫಳಫಳ ಹೊಳೆಯುತ್ತದೆ, ಕೊಳೆ ಹೋಯಿತು ಅನ್ನಿಸುತ್ತದೆ. ಹೋಗಿರುವುದು ಗೆರೆಯ ಗೋಡೆ. ಆಮೇಲೆ ಬಂದ ಪ್ಲಾಸ್ಟಿಕ್‌ನ ತಟ್ಟೆಗೆ, ಅಂದರೆ ವಿನೈಲ್ ಎಲ್‌ಪಿಗೆ, ಕೆಲವರು ಆಲ್ಕೋಹಾಲ್ ಬೆರೆಸಿದ ನೀರು ಬಳಸುತ್ತಾರೆ, ಆ ಸಲಹೆ ಸುಮ್ನೆ ಇಲ್ಲಿಗೂ ಬಂದುಬಿಟ್ಟಿದೆ.

ಈಗ ಆ ನಾಲ್ಕಕ್ಕೆ ಬರೋಣ. ಇವನ್ನು ಲ್ಯಾಕರ್ ತಟ್ಟೆ ಅನ್ನುತ್ತಾರೆ, ಅಸಿಟೇಟ್ ಎಂದೂ ಕರೆಯುತ್ತಾರೆ. 1930ರ ದಶಕದ ನಡುವಿನಿಂದ ಟೇಪ್ ಬಂದು ನೆಲೆಯೂರುವವರೆಗೆ, ರೇಡಿಯೊ ಕೇಂದ್ರಗಳಲ್ಲಿ, ಸಣ್ಣ ರೆಕಾರ್ಡಿಂಗ್ ಕೋಣೆಗಳಲ್ಲಿ ಸ್ಥಳದಲ್ಲೇ ಧ್ವನಿ ಹಿಡಿಯಲು ಇದ್ದ ದಾರಿ ಇದು. ಅಲ್ಯೂಮಿನಿಯಂ ತಗಡಿನ ಮೇಲೆ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವಿನ ತೆಳು ಪದರ ಬಳಿದಿರುತ್ತದೆ. ಹಾಡುತ್ತಿರುವಾಗಲೇ ಯಂತ್ರದ ಮೊನೆ ಆ ಪದರದಲ್ಲಿ ಗೆರೆ ಕೊರೆಯುತ್ತದೆ. ಅಚ್ಚಿಲ್ಲ, ಎರಡನೇ ಪ್ರತಿ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಯೂಮಿನಿಯಂ ಎಲ್ಲ ವಿಮಾನಗಳಿಗೆ ಹೋದಾಗ ಗಾಜಿನ ಮೇಲೂ ಬಳಿದರು. ನಿಮ್ಮದರಲ್ಲಿ ಲೋಹ ಕಾಣುತ್ತಿದೆ ಎಂದಿದ್ದೀರಿ, ಒಳ್ಳೆಯದಾಯಿತು. ಆದರೂ ನಾಲ್ಕನ್ನೂ ಒಂದೊಂದಾಗಿ ನೋಡಿ. ನಡುವಿನ ತೂತಿನ ಅಂಚಿನಲ್ಲಿ ಬೆಳ್ಳಗೆ ಲೋಹ ಕಾಣಬೇಕು. ಲೇಬಲ್ ಇರುವ ಜಾಗದಲ್ಲಿ ನಡುತೂತಿನ ಪಕ್ಕಕ್ಕೆ ಇನ್ನೂ ಒಂದೋ ಮೂರೋ ಸಣ್ಣ ತೂತು ಇರಬಹುದು. ಕೊರೆಯುವಾಗ ತಟ್ಟೆ ಜಾರದಂತೆ ಹಿಡಿಯಲು ಮಾಡಿದ ತೂತು ಅದು, ಲ್ಯಾಕರ್‌ಗೆ ಖಚಿತ ಗುರುತು. ಲೋಹ ಕಾಣದಿದ್ದರೆ, ಅಂಚು ಗಾಜಿನ ಹಾಗಿದ್ದರೆ, ಅದನ್ನು ಎರಡೂ ಕೈಯಲ್ಲಿ ಹಿಡಿದು ಹಾಸಿಗೆಯ ಮೇಲೆ ಮಾತ್ರ ಎತ್ತಿ ಇಳಿಸಿ.

ಬಿಳಿ ಪುಡಿಯನ್ನು ನೀವು ಬೂಷ್ಟು ಅಂದುಕೊಂಡಿರಬಹುದು. ನಮ್ಮ ಕರಾವಳಿಯಲ್ಲಿ ಹಾಗೆ ಅಂದುಕೊಳ್ಳುವುದು ಸಹಜ. ಆದರೆ ಲ್ಯಾಕರ್ ತಟ್ಟೆಯ ಮೇಲಿನ ಬಿಳಿ ಹೆಚ್ಚಾಗಿ ತಟ್ಟೆಯ ಒಳಗಿನಿಂದಲೇ ಬಂದದ್ದು. ನೈಟ್ರೋಸೆಲ್ಯುಲೋಸ್ ಒಂದನ್ನೇ ಬಳಿದರೆ ಗಡುಸಾಗಿ ಸಿಡಿಯುತ್ತದೆ. ಅದು ಮೆತ್ತಗಿರಲಿ ಎಂದು ಹರಳೆಣ್ಣೆ ಬೆರೆಸುತ್ತಿದ್ದರು. ತೇವ ಮತ್ತು ಬಿಸಿಗೆ ಕೆಲವು ದಶಕಗಳಲ್ಲಿ ಎಣ್ಣೆ ಒಡೆದು ಕೊಬ್ಬಿನ ಆಮ್ಲಗಳು ಮೇಲಕ್ಕೆ ಬರುತ್ತವೆ, ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲ. ಅವೇ ಬಿಳಿಯಾಗಿ ಕೂರುವುದು. ಬೂಷ್ಟು ಚುಕ್ಕೆ ಚುಕ್ಕೆಯಾಗಿ, ಜೇಡರ ಎಳೆಯ ಹಾಗೆ ಹರಡುತ್ತದೆ. ಆಮ್ಲ ಹಾಗಲ್ಲ, ಇಡೀ ಮೈಗೆ ಮಂಜು ಕವಿದಂತೆ ಇರುತ್ತದೆ, ಮುಟ್ಟಿದರೆ ಜಿಡ್ಡು. ಮುಟ್ಟಿ ನೋಡಬೇಡಿ, ಬರೀ ಕಣ್ಣಲ್ಲಿ ನೋಡಿ.

ಎಣ್ಣೆ ಹೊರಬಂದಷ್ಟೂ ಪದರ ಕುಗ್ಗುತ್ತದೆ. ಕೆಳಗಿನ ತಗಡು ಕುಗ್ಗುವುದಿಲ್ಲ. ಎಳೆದಾಟದಲ್ಲಿ ಪದರ ಸೋಲುತ್ತದೆ: ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರಿನಂತೆ ಬಿರಿದು, ಚಕ್ಕೆಗಳ ಅಂಚು ಮೇಲೆದ್ದು, ಕೊನೆಗೆ ಉದುರುತ್ತದೆ. ನಿಮ್ಮ ಒಂದು ತಟ್ಟೆಯ ಅಂಚಿನಲ್ಲಿ ಇದು ಶುರುವಾಗಿದೆ. ಉದುರಿದ ಚಕ್ಕೆಯ ಜೊತೆ ಅಷ್ಟು ಸಂಗೀತವೂ ಹೋಗುತ್ತದೆ. ಈ ಪ್ರಕ್ರಿಯೆಯನ್ನು ನಿಲ್ಲಿಸುವ ಔಷಧಿ ಇಲ್ಲ, ನಿಧಾನ ಮಾಡಬಹುದು ಅಷ್ಟೆ. ಅದಕ್ಕೇ ಧ್ವನಿಯನ್ನು ಬೇಗ ಕಂಪ್ಯೂಟರ್‌ಗೆ ತೆಗೆದುಕೊಳ್ಳಬೇಕು ಅನ್ನುತ್ತಿರುವುದು.

ಇಷ್ಟು ಅವಸರ ಮಾಡುವಷ್ಟು ಅದರಲ್ಲಿ ಏನಿರಬಹುದು ಎಂದು ನೀವು ಕೇಳಬಹುದು. ಜಾಝ್‌ನ ವಿಷಯದಲ್ಲಿ ಈ ಪ್ರಶ್ನೆಗೆ ಗಟ್ಟಿ ಉತ್ತರ ಇದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆಯ, ಅಂದರೆ 78 ತಟ್ಟೆಯ, ಒಂದು ಬದಿಗೆ ಮೂರು ನಿಮಿಷ. ಕಂಪನಿಯ ಸ್ಟುಡಿಯೊಗೆ ಹೋದ ಬ್ಯಾಂಡ್ ಆ ಮೂರು ನಿಮಿಷಕ್ಕೆ ತಕ್ಕ ಹಾಗೆ ಹಾಡನ್ನು ಕತ್ತರಿಸುತ್ತಿತ್ತು. ರಾತ್ರಿ ಕ್ಲಬ್ಬಿನಲ್ಲಿ ಅದೇ ಬ್ಯಾಂಡ್ ಅದೇ ಹಾಡನ್ನು ಎಷ್ಟು ಹೊತ್ತು ಬೇಕಾದರೂ ನುಡಿಸುತ್ತಿತ್ತು, ಪ್ರತಿ ರಾತ್ರಿ ಬೇರೆ ಥರ. ಮನೋಧರ್ಮ ಎಂದು ನಾವು ಏನನ್ನು ಕರೆಯುತ್ತೇವೋ ಜಾಝ್ ನಿಂತಿರುವುದೇ ಅದರ ಮೇಲೆ. ಕಂಪನಿ ತಟ್ಟೆಯಲ್ಲಿ ಸಿಗದ ಆ ರಾತ್ರಿಗಳು ಉಳಿದಿರುವುದು ಲ್ಯಾಕರ್ ತಟ್ಟೆಗಳಲ್ಲಿ.

ಬಿಲ್ ಸೇವರಿ ಎಂಬ ಅಮೆರಿಕದ ಸೌಂಡ್ ಎಂಜಿನಿಯರ್ 1930ರ ದಶಕದ ಉತ್ತರಾರ್ಧದಲ್ಲಿ ರೇಡಿಯೊದಲ್ಲಿ ಬರುತ್ತಿದ್ದ ನೇರ ಪ್ರಸಾರಗಳನ್ನು ತಟ್ಟೆಗಳ ಮೇಲೆ ಕೊರೆದಿಟ್ಟುಕೊಂಡಿದ್ದರು. ಅವರು 2004ರಲ್ಲಿ ತೀರಿಕೊಂಡರು. 2010ರಲ್ಲಿ ಆ ಸಂಗ್ರಹ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ರಾಷ್ಟ್ರೀಯ ಜಾಝ್ ಮ್ಯೂಸಿಯಂಗೆ ಬಂತು. ಕೌಂಟ್ ಬೇಸಿಯ ಬ್ಯಾಂಡ್‌ನಲ್ಲಿ ಲೆಸ್ಟರ್ ಯಂಗ್ 1938ರಲ್ಲಿ ಊದಿದ ಸ್ಯಾಕ್ಸೋಫೋನ್, 1940ರಲ್ಲಿ ಕೋಲ್‌ಮನ್ ಹಾಕಿನ್ಸ್ ನೇರವಾಗಿ ನುಡಿಸಿದ್ದು, ಎಲ್ಲ ಅದರಲ್ಲಿತ್ತು. ಅಷ್ಟು ವರ್ಷ ಪೆಟ್ಟಿಗೆಗಳಲ್ಲಿ ಕೂತಿದ್ದರಿಂದ ಒಂದು ಪಾಲು ತೆಗೆಯಲಾಗದಷ್ಟು ಕೆಟ್ಟಿತ್ತು. ಇನ್ನೊಂದು ಪಾಲನ್ನು ನುರಿತ ಎಂಜಿನಿಯರ್ ಒಂದೊಂದಾಗಿ ಕೂತು ಬಿಡಿಸಿಕೊಂಡರು. ಹತ್ತು ವರ್ಷ ಮೊದಲೇ ಕೈಗೆ ಸಿಕ್ಕಿದ್ದರೆ ಎಷ್ಟು ಉಳಿಯುತ್ತಿತ್ತೋ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಬೊಂಬಾಯಿಯ ಕಥೆಯೂ ಸಣ್ಣದಲ್ಲ. ಉತ್ತರ ಕನ್ನಡ 1956ರವರೆಗೆ ಬೊಂಬಾಯಿ ಆಡಳಿತದಲ್ಲೇ ಇತ್ತು. ಓದು, ಕೋರ್ಟು, ಕೆಲಸ ಎಲ್ಲಕ್ಕೂ ನಮ್ಮ ಕಡೆಯವರು ಅತ್ತಲೇ ಮುಖ ಮಾಡುತ್ತಿದ್ದರು. ಅಲ್ಲಿ 1935ರಲ್ಲಿ ತಾಜ್ ಹೋಟೆಲ್‌ಗೆ ಲಿಯಾನ್ ಆ್ಯಬಿ ತಮ್ಮ ಕಪ್ಪು ಅಮೆರಿಕನ್ ಬ್ಯಾಂಡ್ ಕರೆದುಕೊಂಡು ಬಂದರು. ಆಮೇಲೆ ಕ್ರಿಕೆಟ್ ಸ್ಮಿತ್, ಪಿಯಾನೊದ ಟೆಡ್ಡಿ ವೆದರ್‌ಫರ್ಡ್ ಬಂದರು. ವೆದರ್‌ಫರ್ಡ್ 1945ರಲ್ಲಿ ಕಲ್ಕತ್ತೆಯಲ್ಲೇ ತೀರಿಕೊಂಡರು. ಅವರ ಜೊತೆಗೆ, ಅವರ ನಂತರ, ಗೋವಾ ಕಡೆಯ ವಾದ್ಯಗಾರರು ಬೆಳೆದರು. ಅಲ್ಡೋನಾದ ಚಿಕ್ ಚಾಕೊಲೇಟ್ ಟ್ರಂಪೆಟ್ ಹಿಡಿದರೆ ಅಮೆರಿಕದ ಹೆಸರಾಂತ ಜಾಝ್ ಟ್ರಂಪೆಟ್ ವಾದಕನ ಹೆಸರು ಕೊಟ್ಟು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದೇ ಕರೆಯುತ್ತಿದ್ದರು. ಇದೇ ಜನ ಹಗಲು ಹಿಂದಿ ಸಿನಿಮಾದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದರು. ಹಾಗಾಗಿ ನಿಮ್ಮ ಪೆಟ್ಟಿಗೆಯ ಸಿನಿಮಾ ಹಾಡಿನ ತಟ್ಟೆಗಳನ್ನು ಬೇರೆ ಮಾಡಿ ಯಾರಿಗೋ ಕೊಟ್ಟುಬಿಡಬೇಡಿ. ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ 1950ರ ಸುಮಾರಿನ ಹಾಡುಗಳಲ್ಲಿ ಕೇಳುವ ಹಿತ್ತಾಳೆ ವಾದ್ಯಗಳ ಹಿಂದೆ ಚಿಕ್ ಚಾಕೊಲೇಟ್ ಅವರೂ ಇದ್ದಾರೆ. ನಿಮ್ಮ ದೊಡ್ಡಜ್ಜ ಯಾವುದನ್ನು ಯಾಕೆ ಇಟ್ಟುಕೊಂಡರು ಅನ್ನುವುದು ಪೆಟ್ಟಿಗೆ ಒಟ್ಟಿಗೆ ಇದ್ದರೆ ಮಾತ್ರ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ, ಈ ವಾರವೇ ಮಾಡಬೇಕಾದದ್ದು. ಪೆಟ್ಟಿಗೆಯನ್ನು ಹಾಗೇ ಎಳೆದು ಇಳಿಸಬೇಡಿ. ಒಂದು ತಟ್ಟೆ ಇನ್ನೂರು ಗ್ರಾಂ ಮೇಲೆ ತೂಗುತ್ತದೆ, ನಲವತ್ತು ಸೇರಿದರೆ ಹಳೇ ಪೆಟ್ಟಿಗೆಯ ತಳ ಕಿತ್ತುಬರಬಹುದು. ಅಟ್ಟದಲ್ಲೇ ಕೂತು ಒಂದೊಂದಾಗಿ ತೆಗೆಯಿರಿ. ಅಂಚು ಮತ್ತು ಲೇಬಲ್ ಬಿಟ್ಟು ಬೇರೆಲ್ಲೂ ಬೆರಳು ತಾಗಬಾರದು. ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ, ಬೂಷ್ಟಿನ ಧೂಳು ಎದೆಗೆ ಒಳ್ಳೆಯದಲ್ಲ.

ನಾಲ್ಕು ಲ್ಯಾಕರ್ ತಟ್ಟೆಗಳನ್ನು ಬೇರೆ ಇಡಿ. ಕಿಟಕಿಯ ಪಕ್ಕ ಬಿಸಿಲು ತಾಗದ ಕಡೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದೊಂದರ ಎರಡೂ ಬದಿಯ ಫೋಟೊ ತೆಗೆಯಿರಿ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು, ಆಗ ಗೆರೆ, ಬಿರುಕು, ಎದ್ದ ಚಕ್ಕೆ ಎಲ್ಲ ಕಾಣುತ್ತದೆ. ಕೈಬರಹವನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ. ಆ ಶಾಯಿ ನೀರು ತಾಗಿದರೆ ಹೋಗುವಂಥದ್ದು, ತಾರೀಖು, ಊರು, ವಾದ್ಯಗಾರರ ಹೆಸರು ಬರೀ ಅಲ್ಲೇ ಇರಬಹುದು. ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಹದಿನಾರು ಇಂಚಿನದ್ದು ಒಂದಾದರೂ ಇದ್ದರೆ ಅದು ಬಹುಶಃ 33⅓ ವೇಗದ ರೇಡಿಯೊ ತಟ್ಟೆ, ಒಂದು ಬದಿಗೆ ಹದಿನೈದು ನಿಮಿಷದವರೆಗೂ ಹಿಡಿಯುತ್ತದೆ.

ಪದರ ಎದ್ದಿರುವ ತಟ್ಟೆಯನ್ನು ನಿಲ್ಲಿಸಬೇಡಿ. ಗಟ್ಟಿ ರಟ್ಟಿನ ಮೇಲೆ ಮಲಗಿಸಿ, ಮೇಲೆ ಏನೂ ಹೇರಬೇಡಿ. ಉದುರಿದ ಚಕ್ಕೆ ಇದ್ದರೆ ಒಂದು ಪುಟ್ಟ ಕಾಗದದ ಲಕೋಟೆಯಲ್ಲಿ ಹಾಕಿ, ಯಾವ ತಟ್ಟೆಯದ್ದು ಎಂದು ಬರೆಯಿರಿ. ಬಿಳಿ ಪುಡಿಯನ್ನು ನೀವು ತೆಗೆಯುವುದು ಬೇಡ. ಅದಕ್ಕೆ ಬೇರೆ ದ್ರಾವಣ ಇದೆ, ಆದರೆ ಬಿರುಕು ಬಿಟ್ಟ ಪದರಕ್ಕೆ ನೀರು ಇಳಿದರೆ ಚಕ್ಕೆ ಎದ್ದೇ ಹೋಗುತ್ತದೆ. ಅನುಭವಸ್ಥರು ಕೂಡ ಅದನ್ನು ಧ್ವನಿ ತೆಗೆಯುವ ಸ್ವಲ್ಪ ಮುಂಚೆ ಮಾತ್ರ ಮಾಡುತ್ತಾರೆ. ಇನ್ನೊಂದು ಎಚ್ಚರಿಕೆ. ನೈಟ್ರೋಸೆಲ್ಯುಲೋಸ್ ಬೆಂಕಿ ಹಿಡಿಯುವ ವಸ್ತು. ದೀಪ, ಒಲೆ, ಹೀಟರ್ ಹತ್ತಿರ ಇಡಬೇಡಿ.

ಅಟ್ಟಕ್ಕೆ ಯಾವುದನ್ನೂ ವಾಪಸ್ ಇಡಬೇಡಿ. ಏಪ್ರಿಲ್, ಮೇಯಲ್ಲಿ ಹಂಚಿನ ಕೆಳಗೆ ಕಾಯುವ ಬಿಸಿಗೆ ಅರಗು ಮೆತ್ತಗಾಗಿ ತಟ್ಟೆ ಡೊಂಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಗಾಳಿಯ ತೇವ ಶೇಕಡಾ 85 ದಾಟುವುದು ಮಾಮೂಲು. ತಟ್ಟೆಗಳಿಗೆ ಬೇಕಾದದ್ದು ಶೇಕಡಾ 40ರಿಂದ 50, ತಂಪು ಸುಮಾರು 20 ಡಿಗ್ರಿ. ಮನೆಯಲ್ಲಿ ಅಷ್ಟು ಸಾಧ್ಯವಿಲ್ಲ, ಆದರೆ ಹತ್ತಿರ ಹೋಗಬಹುದು. ಮನೆಯ ನಡುವಿನ ಕೋಣೆ ಆರಿಸಿ. ಮಳೆ ಹೊಡೆಯುವ ಚಿರೆಕಲ್ಲಿನ ಗೋಡೆಗೆ ಒರಗಿಸಬೇಡಿ, ನೆಲದಿಂದ ಒಂದು ಮೊಳ ಮೇಲಿರಲಿ. ತೇವ ಅಳೆಯುವ ಸಣ್ಣ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಒಂದು ತಂದಿಡಿ. ಎಸಿ ಇರುವ ಕೋಣೆ ಮನೆಯಲ್ಲಿದ್ದರೆ ಲ್ಯಾಕರ್ ತಟ್ಟೆಗಳಿಗೆ ಆ ಕೋಣೆಯ ಕಪಾಟು ಕೊಡಿ.

ನಮ್ಮ ಕಡೆ ಬಟ್ಟೆ ಬೂಷ್ಟು ಹಿಡಿಯದಿರಲಿ ಎಂದು ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿಡುವ ರೂಢಿ ಇದೆ. ತಟ್ಟೆಗಳಿಗೆ ಅದು ಬೇಡ. ಅರಗಿನವು ಹೇಗೋ ತಡೆದುಕೊಂಡಾವು, ಲ್ಯಾಕರ್‌ಗೆ ಬಿಸಿಯೇ ಶತ್ರು. ಅರಗಿನ ತಟ್ಟೆಗಳನ್ನು ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಬಹುದು, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬೇಕು. ಲ್ಯಾಕರ್ ತಟ್ಟೆ ತಾನೇ ಆಮ್ಲದ ಆವಿ ಬಿಡುವುದರಿಂದ ಅದನ್ನು ಹೀಗೆ ಮುಚ್ಚಿಡಬಾರದು, ಸ್ವಲ್ಪ ಗಾಳಿ ಬೇಕು. ಬೇರೆ ತಟ್ಟೆಗಳ ಜೊತೆಗೂ ಇಡಬಾರದು.

ಅರಗಿನ ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಓರೆಯಾಗಿ ಒರಗಿಸಬೇಡಿ. ಒಂದರ ಮೇಲೊಂದು ಪೇರಿಸಿಟ್ಟರೆ ಕೆಳಗಿನದು ಒಡೆಯುತ್ತದೆ. ಹಳೇ ಕಂದು ಕಾಗದದ ಚೀಲಗಳಲ್ಲಿ ಆಮ್ಲ ಇರುತ್ತದೆ. ಆಮ್ಲವಿಲ್ಲದ ಕಾಗದದ ಹೊಸ ಚೀಲ ಹಾಕಿ, ಹಳೆಯದನ್ನು ಎಸೆಯಬೇಡಿ, ಬೇರೆ ಇಡಿ. ಅಂಗಡಿಯ ಹೆಸರು, ಕೊಂಡ ತಾರೀಖು ಅದರ ಮೇಲೆ ಇದ್ದರೆ ಅದೂ ದಾಖಲೆಯೇ.

ತೊಳೆಯುವುದನ್ನು ಗಾಳಿ ಒಣಗಿರುವ ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ, ಅದೂ ಅರಗಿನವನ್ನು ಮಾತ್ರ. ಬಾವಿ ನೀರು ಬೇಡ, ಒಣಗಿದಾಗ ಲವಣ ಗೆರೆಯಲ್ಲಿ ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಸಾಕು. ಬೂಷ್ಟು ಇದ್ದರೆ ಮೊದಲು ಹೊರಗೆ ಕೂತು ಮೆತ್ತನೆಯ ಒಣ ಬ್ರಷ್‌ನಿಂದ ಗುಡಿಸಿ. ಆಮೇಲೆ ಇನ್ನೊಂದು ಬ್ರಷ್ ಒದ್ದೆ ಮಾಡಿ ಗೆರೆಯ ಸುತ್ತಿನ ದಿಕ್ಕಿನಲ್ಲೇ ತಿರುಗಿಸಿ, ಅಡ್ಡ ಉಜ್ಜಬೇಡಿ. ಲೇಬಲ್‌ಗೆ ಒಂದು ಹನಿಯೂ ತಾಗಬಾರದು. ಅಂಚಿನಲ್ಲಿ ಬಿರುಕಿರುವ ಕೊಲಂಬಿಯಾ ಕಂಪನಿಯ ಹಳೇ ತಟ್ಟೆ ಇದ್ದರೆ ಅದಕ್ಕೆ ನೀರೇ ಬೇಡ, ಕೆಲವುದರ ನಡುವೆ ಕಾಗದದ ಪದರ ಇರುತ್ತದೆ, ಉಬ್ಬಿಬಿಡುತ್ತದೆ. ತೊಳೆದದ್ದನ್ನು ನೂಲು ಬಿಡದ ಬಟ್ಟೆಯಲ್ಲಿ ಒತ್ತಿ ತೆಗೆದು, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ.

ಇನ್ನು ಧ್ವನಿ ತೆಗೆಯುವುದು. ಕೀಲಿ ಗ್ರಾಮಾಫೋನಿನ ತಲೆ ನೂರು ಗ್ರಾಂಗಿಂತ ಜಾಸ್ತಿ ಭಾರದಿಂದ ಉಕ್ಕಿನ ಪಿನ್ನನ್ನು ಗೆರೆಯಲ್ಲಿ ಒತ್ತುತ್ತದೆ. ಲ್ಯಾಕರ್ ತಟ್ಟೆಯಲ್ಲಿ ಆ ಪಿನ್ನು ಒಂದೇ ಸಲಕ್ಕೆ ಪದರವನ್ನು ಕೆರೆದು ಹಾಕುತ್ತದೆ. ಮೊಬೈಲ್‌ನಲ್ಲಿ ಹಿಡಿದ ಮಂಕು ಸದ್ದಿಗಾಗಿ ಮೂಲವನ್ನೇ ಕೊಟ್ಟಂತೆ ಆಗುತ್ತದೆ, ಅಲ್ವಾ? ಈಗಿನ ಟರ್ನ್‌ಟೇಬಲ್‌ನಲ್ಲಿ ಭಾರ ನಾಲ್ಕೈದು ಗ್ರಾಂ ಮಾತ್ರ. ಆದರೆ ಅಂಗಡಿಯಲ್ಲಿ ಸಿಗುವ ಎಲ್ಲ ಟರ್ನ್‌ಟೇಬಲ್ ಆಗುವುದಿಲ್ಲ. 78 ವೇಗ ಇರಬೇಕು, 78ಕ್ಕೇ ಬೇರೆ ಮುಳ್ಳು, ಅಂದರೆ ಗೆರೆಯಲ್ಲಿ ಓಡುವ ಸೂಜಿ, ಇರಬೇಕು. ಎಲ್‌ಪಿ ಮುಳ್ಳಿನ ತುದಿ ಸುಮಾರು 18ರಿಂದ 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), 78ಕ್ಕೆ ಬೇಕಾದದ್ದು 70ರ ಆಸುಪಾಸು. ಸಣ್ಣ ಮುಳ್ಳು ಅಗಲ ಗೆರೆಯ ತಳಕ್ಕೆ ಇಳಿದು ಕಸದಲ್ಲಿ ಓಡಾಡುತ್ತದೆ. ಹಳೇ ಪಿನ್ನುಗಳು ಗೋಡೆಯ ಒಂದು ಎತ್ತರವನ್ನು ಸವೆಸಿದ್ದರೆ, ಬೇರೆ ಅಳತೆಯ ಮುಳ್ಳು ಅದೇ ಗೋಡೆಯಲ್ಲಿ ಸವೆಯದ ಜಾಗ ಹಿಡಿಯುತ್ತದೆ. ನುರಿತವರ ಹತ್ತಿರ ನಾಲ್ಕೈದು ಅಳತೆಯ ಮುಳ್ಳುಗಳು ಇರುವುದು ಇದಕ್ಕೇ. ಕೆಲಸ ಕೊಡುವ ಮುಂಚೆ ಇದನ್ನು ಕೇಳಿ. ಒಂದೇ ಮುಳ್ಳು ಇದೆ ಎಂದರೆ ಸಿನಿಮಾ ಹಾಡಿನ ತಟ್ಟೆ ಕೊಡಿ, ಲ್ಯಾಕರ್ ಕೊಡಬೇಡಿ.

ಮೂಲ ಫೈಲು 24 ಬಿಟ್, 96 ಕಿಲೋಹರ್ಟ್ಸ್ ವೇವ್ ರೂಪದಲ್ಲಿ ಇರಲಿ. ತಟ್ಟೆ ಮೋನೊ, ಅಂದರೆ ಒಂದೇ ಧ್ವನಿಯದ್ದು, ಆದರೂ ಎರಡು ಧ್ವನಿಯ ಸ್ಟೀರಿಯೊದಲ್ಲೇ ತೆಗೆಯಬೇಕು, ಗೆರೆಯ ಎರಡು ಗೋಡೆಗಳಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಆಮೇಲೆ ಆರಿಸಿಕೊಳ್ಳಬಹುದು. ಮೂರು ನಿಮಿಷದ ಒಂದು ಬದಿಗೆ ಸುಮಾರು 100 ಎಂಬಿ ಆಗುತ್ತದೆ. ನಿಮ್ಮ ಇಡೀ ಪೆಟ್ಟಿಗೆ ಒಂದು ಪೆನ್ ಡ್ರೈವ್‌ನಲ್ಲಿ ಹಿಡಿಯುತ್ತದೆ. ಆದರೆ ಒಂದರಲ್ಲೇ ಇಡಬೇಡಿ. ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ, ಅದರಲ್ಲಿ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ, ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿ ಇರಲಿ.

ಮೂಲ ಫೈಲಿನಲ್ಲಿ ಚರಚರ ಸದ್ದನ್ನು ಅಳಿಸುವ ಸಾಫ್ಟ್‌ವೇರ್ ಓಡಿಸಲು ಬಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಚರಚರ ಸದ್ದು ಇರುವ ಎತ್ತರದಲ್ಲೇ ಸಿಂಬಲ್‌ನ ಝಣಕಾರ, ಡ್ರಮ್ಮಿನ ಮೇಲೆ ಬ್ರಷ್ ಸರಿಯುವ ಸದ್ದು, ಟ್ರಂಪೆಟ್ ಊದುವವರ ಉಸಿರು ಎಲ್ಲ ಇರುತ್ತದೆ. ಯಂತ್ರ ಎರಡನ್ನೂ ಸೇರಿಸಿ ಒರೆಸುತ್ತದೆ. ಮನೆಯವರು ಕೇಳಲು ಬೇಕಾದರೆ ಬೇರೆ ಪ್ರತಿ ಮಾಡಿ ಹಗುರವಾಗಿ ಶುಚಿ ಮಾಡಿಸಿ.

ವೇಗದ ವಿಷಯದಲ್ಲಿ ಒಂದು ಉಪಾಯ ಗೊತ್ತಿರಲಿ. 78 ಎಂದು ಹೆಸರಿದ್ದರೂ 1920ರ ದಶಕದ ತಟ್ಟೆಗಳು 74ಕ್ಕೂ 82ಕ್ಕೂ ನಡುವೆ ಎಲ್ಲಿ ಬೇಕಾದರೂ ಇರುತ್ತವೆ. ಲ್ಯಾಕರ್ ಅಂತೂ ಕೊರೆದ ಯಂತ್ರದ ಮರ್ಜಿ. ವೇಗ ಶೇಕಡಾ ಆರರಷ್ಟು ತಪ್ಪಿದರೆ ಇಡೀ ಹಾಡು ಅರ್ಧ ಸ್ವರ ಏರುತ್ತದೆ ಇಲ್ಲವೇ ಇಳಿಯುತ್ತದೆ. ಟ್ರಂಪೆಟ್, ಸ್ಯಾಕ್ಸೋಫೋನ್ ಇರುವ ಬ್ಯಾಂಡ್‌ಗಳು ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಎಫ್ ಇಂಥ ಶ್ರುತಿಗಳಲ್ಲಿ ನುಡಿಸುವುದು ಜಾಸ್ತಿ, ಬೆರಳಿಗೆ ಸಲೀಸು. ತೆಗೆದ ಫೈಲು ಬಿ ಫ್ಲ್ಯಾಟ್‌ಗಿಂತ ಅರ್ಧ ಸ್ವರ ಮೇಲಿನ ಬಿ ನ್ಯಾಚುರಲ್‌ನಲ್ಲಿ ಕೇಳುತ್ತಿದ್ದರೆ ಮೊದಲು ವೇಗದ ಮೇಲೆ ಅನುಮಾನ ಪಡಬೇಕು. ನಿಮ್ಮ ಮನೆಯಲ್ಲಾಗಲೀ ನೆರೆಯಲ್ಲಾಗಲೀ ಚರ್ಚಿನ ಕ್ವಾಯರ್‌ಗೆ ಕೀಬೋರ್ಡ್ ನುಡಿಸುವವರು ಇದ್ದರೆ ಕರೆದು ಕೂರಿಸಿ, ಸ್ವರ ಹೊಂದಿಸಿ ನೋಡುವುದು ಅವರಿಗೆ ಗೊತ್ತು.

ಕಂಪನಿಯ ತಟ್ಟೆಗಳಲ್ಲೂ ಎಲ್ಲವೂ ಬೇರೆಡೆ ಸಿಗುತ್ತದೆ ಅಂದುಕೊಳ್ಳಬೇಡಿ. ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಒತ್ತಿದ ಅಕ್ಷರ, ಅಂಕಿ ಇರುತ್ತವೆ, ಓರೆ ಬೆಳಕಿನಲ್ಲಿ ಓದಬಹುದು. ಅದು ಮ್ಯಾಟ್ರಿಕ್ಸ್ ನಂಬರು. ಕೊನೆಯಲ್ಲಿ 1, 2 ಎಂದೋ ಎ, ಬಿ ಎಂದೋ ಬರುವುದು ಎಷ್ಟನೇ ಸಲ ನುಡಿಸಿದ್ದು ಎಂಬುದರ ಗುರುತು. ಜಾಝ್‌ನಲ್ಲಿ ಎರಡನೇ ಸಲದ ಸೋಲೊ ಮೊದಲನೆಯದಲ್ಲ, ಅದು ಬೇರೆಯೇ ಸಂಗೀತ. ಅಮೆರಿಕದ ತಟ್ಟೆಗಳಾದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರ ನಡೆಸುವ ಹಳೇ ಧ್ವನಿಮುದ್ರಣಗಳ ಪಟ್ಟಿಯಲ್ಲಿ ನಂಬರು ಹಾಕಿ ನೋಡಬಹುದು, ದುಡ್ಡಿಲ್ಲ. ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತಿದ ಭಾರತದ ಬ್ಯಾಂಡ್‌ಗಳ ತಟ್ಟೆ ಇದ್ದರೆ ಅವನ್ನು ಲ್ಯಾಕರ್ ನಂತರದ ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಅಮೆರಿಕದವು. ಆರ್ಮ್‌ಸ್ಟ್ರಾಂಗ್ ಅವರ ಹೆಸರಾಂತ ತಟ್ಟೆ ನಿಮ್ಮಲ್ಲಿ ಇದ್ದರೆ ಸಂತೋಷವೇ, ಆದರೆ ಆ ಧ್ವನಿ ಲೋಕದಲ್ಲೆಲ್ಲ ಇದೆ.

ಯಾರ ಹತ್ತಿರ ಹೋಗುವುದು? ಮುಂಬಯಿಯಲ್ಲಿ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ಇದೆ, 78 ತಟ್ಟೆಗಳನ್ನು ಕೈಯಲ್ಲಿ ಹಿಡಿದು ಬೆಳೆದವರು ಅಲ್ಲಿದ್ದಾರೆ. ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ಸಂಗ್ರಹಾಲಯ ಇದೆ, ಅದು 1982ರಲ್ಲಿ ಶುರುವಾದದ್ದು. ಮೊದಲು ಫೋಟೊಗಳನ್ನು ಕಳಿಸಿ, ಲ್ಯಾಕರ್ ಎಂದು ಸ್ಪಷ್ಟವಾಗಿ ಬರೆದು, ದಾರಿ ಕೇಳಿ. ಯಾರಿಗೇ ಕೊಟ್ಟರೂ ತಟ್ಟೆ ವಾಪಸ್ ಯಾವಾಗ, ಮೂಲ ಫೈಲಿನ ಪ್ರತಿ ನಿಮಗೆ ಸಿಗುತ್ತದಾ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೊರಿಯರ್ ಬೇಡ. ಕೊಂಕಣ ರೈಲಿನಲ್ಲಿ ನೀವೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬಸ್ಸಿನ ಡಿಕ್ಕಿಯಲ್ಲಿ ಘಟ್ಟ ಹತ್ತಿ ಇಳಿದರೆ ಎದ್ದ ಚಕ್ಕೆ ಉಳಿಯುವುದಿಲ್ಲ.

ಮುಳ್ಳು ಇಡಲೇ ಆಗದಷ್ಟು ಕೆಟ್ಟ ತಟ್ಟೆಗೂ ದಾರಿ ಇದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಾರ್ಲ್ ಹೇಬರ್ ಮತ್ತು ವಿಟಾಲಿ ಫಡೆಯೆವ್ ಐರೀನ್ ಎಂಬ ವಿಧಾನ ರೂಪಿಸಿದರು. ತಟ್ಟೆಯನ್ನು ಮುಟ್ಟದೆ, ಗೆರೆಗಳ ಚಿತ್ರ ತೆಗೆದು, ಕಂಪ್ಯೂಟರ್ ಅದರಿಂದ ಧ್ವನಿ ಕಟ್ಟುತ್ತದೆ. ಎಲ್ಲರ ಕೈಗೆ ಎಟುಕುವ ಸೌಲಭ್ಯ ಅಲ್ಲ. ಆದರೆ ಅದು ಇರುವುದರಿಂದಲೇ, ಹಾಳಾಯಿತು ಎಂದು ಯಾವ ಲ್ಯಾಕರನ್ನೂ ಗುಜರಿಗೆ ಹಾಕಬಾರದು.

ಹಂಚಿಕೊಳ್ಳುವ ವಿಷಯ ಚುಟುಕಾಗಿ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮೇಲೆ 60 ವರ್ಷ. 1960ಕ್ಕಿಂತ ಮುಂಚೆ ಹೊರಬಂದ ತಟ್ಟೆಗಳದ್ದು ಮುಗಿದಿದೆ. ಹಾಡು ಕಟ್ಟಿದವರ ಹಕ್ಕು ಬೇರೆ, ಅವರು ತೀರಿಕೊಂಡ ಮೇಲೆ 60 ವರ್ಷ. ಎಂದೂ ಹೊರಬರದ ಲ್ಯಾಕರ್‌ಗೆ ಈ ಮೊದಲ ಲೆಕ್ಕ ಹೊಂದುವುದಿಲ್ಲ. ಇಂಟರ್‌ನೆಟ್‌ಗೆ ಏರಿಸುವ ಮುಂಚೆ ಅದರಲ್ಲಿ ನುಡಿಸಿದವರ ಮನೆಯವರನ್ನು ಹುಡುಕಿ ಮಾತಾಡಿ. ಹೆಸರು, ವಾದ್ಯ, ಬ್ಯಾಂಡು ಯಾವುದು ಎಂದು ಅವರೇ ಹೇಳಿಕೊಡಬಹುದು.

ಗ್ರಾಮಾಫೋನ್ ತಿರುಗುತ್ತಿದೆ ಎಂದಿದ್ದೀರಿ, ಅದನ್ನು ಸುಮ್ಮನೆ ಇಡಬೇಕಾಗಿಲ್ಲ. ಧ್ವನಿ ತೆಗೆದಾದ ಮೇಲೆ ಸಿನಿಮಾ ಹಾಡಿನ ತಟ್ಟೆಗಳನ್ನು, ಎರಡೆರಡು ಇರುವುವನ್ನು, ಅದರಲ್ಲಿ ಹಾಕಿ ಕೇಳಿ. ಪ್ರತಿ ಬದಿಗೂ ಹೊಸ ಪಿನ್ನು ಹಾಕಲು ಜುಗ್ಗತನ ಮಾಡಬೇಡಿ.

ಕೊನೆಗೆ ಆ ಎರಡು ತುಂಡಿನ ತಟ್ಟೆ. ಫೆವಿಕ್ವಿಕ್ ಬೇಡ, ಟೇಪೂ ಬೇಡ. ಅಂಟು ಗೆರೆಗೆ ಇಳಿದರೆ ತೆಗೆಯಲು ಬರುವುದಿಲ್ಲ. ಒಡೆದ ಅಂಚುಗಳು ಒಂದಕ್ಕೊಂದು ತಾಗಿ ಸವೆಯದಂತೆ ತುಂಡುಗಳನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿ ಮಲಗಿಸಿಡಿ. ನಂಬರು ಹಾಕಿ ನೋಡಿ, ಬೇರೆಡೆ ಸಿಗುವ ತಟ್ಟೆಯಾದರೆ ಹಾಗೇ ಇರಲಿ. ಎಲ್ಲೂ ಸಿಗದ ತಟ್ಟೆಯಾದರೆ ಲ್ಯಾಕರ್ ನಾಲ್ಕರ ಜೊತೆ ಅದನ್ನೂ ಮುಂಬಯಿಗೆ ಒಯ್ಯಿರಿ. ತುಂಡುಗಳನ್ನು ಚಪ್ಪಟೆ ತಳದ ಮೇಲೆ ಸರಿಯಾಗಿ ಜೋಡಿಸಿ ನುಡಿಸಬಲ್ಲವರಿದ್ದಾರೆ. ಸುತ್ತಿಗೊಮ್ಮೆ ಟಕ್ ಎಂದು ಬರುವ ಸದ್ದನ್ನು ಆಮೇಲೆ ಒಂದೊಂದಾಗಿ ಕೈಯಿಂದ ತೆಗೆಯಬಹುದು.